ಬಿರಿದ ದನಿ

ಅವತ್ತು ಕೊಟ್ಟೂರಿನ ಕಲ್ಯಾಣ ಮಂಟಪದಲ್ಲಿ ಶೈಲಾ ಹೆಣ್ಣೊಪ್ಪಿಸುವ ಹಾಡು ಹಾಡಿದಾಗ ಸೇರಿದವರೆಲ್ಲ ಕಣ್ಣೊರೆಸಿಕೊಂಡರು. ಮೈಕ್‌ ಸೆಟ್ಟಿನ ತಿಪ್ಪೇಶ ಮಾತ್ರ ಅಳಲಿಲ್ಲ. ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು ಅವಳನ್ನೇ ದಿಟ್ಟಿಸುತ್ತಿದ್ದ.

ಶೈಲಾಗೆ ಕಸಿವಿಸಿಯಾಯಿತು. ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಟೀಚರಾದ ಅವಳನ್ನು ಎರಡು ವರ್ಷದಿಂದ ಇಂಥ ಮದುವೆಗಳಿಗೆ ಕರೆಯುತ್ತಿದ್ದರು. ಬಹಳಷ್ಟು ಸಲ ಮೈಕ್ ಕೊಡುವವನು ತಿಪ್ಪೇಶನೇ. ಎಲ್ಲರಿಗಿಂತ ಮೊದಲು ಕಣ್ಣು ತುಂಬಿಕೊಂಡು, ವೈರ್ ಹುಡುಕುವ ನೆಪದಲ್ಲಿ ಬಗ್ಗಿಬಿಡುತ್ತಿದ್ದ. ಅದನ್ನು ಕಂಡು ಹಾಡಿನ ನಡುವೆಯೇ ಅವಳಿಗೆ ನಗು ಬರುತ್ತಿತ್ತು.

ಊಟದ ನಂತರ ಅವನು ವೈರ್ ಸುತ್ತುತ್ತಿದ್ದಲ್ಲಿಗೆ ಬಂದು ಛೇಡಿಸಿದಳು. "ಇವತ್ತು ಅಳಲೇ ಇಲ್ಲಲ್ರೀ. ಹಾಡು ಬ್ಯಾಸರಾತೇನು?"

ಅವನು ನಗಲಿಲ್ಲ. "ಮೂರನೇ ಸಾಲಿನ್ಯಾಗ ನಿಮ್ಮ ದನಿ ಬಿರೀತು ಮೇಡಂ. ಹೋದ ತಿಂಗಳೂ ಅಲ್ಲೇ ಬಿರಿದಿತ್ತು. ಮಂದಿ ದುಃಖ ಅಂದ್ಕಂಡ್ರು."

ಶೈಲಾಳ ಕೈ ತಾನಾಗಿ ಕೊರಳಿಗೆ ಹೋಯಿತು.

ಮಂಟಪದ ಹಿಂದಿನ ಕಟ್ಟೆಯ ಮೇಲೆ ಕೂತು, ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದಳು. ಆ ಹಾಡು ಅವಳ ಅವ್ವನದು. ಅಪ್ಪನನ್ನು ಶೈಲಾ ನೋಡಿಯೇ ಇರಲಿಲ್ಲ. ಅವಳಿಗೆ ಹತ್ತು ವರ್ಷವಾದಾಗ ಅವ್ವ ತಮ್ಮೂರು ಕೋಗಳಿಯಿಂದ ಕರೆತಂದು ಹರಪನಹಳ್ಳಿಯ ಹಾಸ್ಟೆಲಿಗೆ ಬಿಟ್ಟಿದ್ದಳು. ಗೇಟಿನ ಬಳಿ ಮಗಳ ಕೈಯನ್ನು ವಾರ್ಡನ್ ಕೈಯಲ್ಲಿಟ್ಟು ಹೆಣ್ಣೊಪ್ಪಿಸುವ ಹಾಡು ಹೇಳಿದ್ದಳು. ಮೂರನೇ ಸಾಲಿಗೆ ದನಿ ಬಿರಿದಿತ್ತು. ಮಗಳನ್ನು ಅಗಲುವ ಸಂಕಟವೆಂದು ಎಲ್ಲರೂ ಅತ್ತಿದ್ದರು. ಗಂಟಲಲ್ಲಿ ಗಂಟಿದೆಯೆಂದು ಅವ್ವನೊಬ್ಬಳಿಗೇ ಗೊತ್ತಿತ್ತು. ಮರುವರ್ಷ ಅವಳು ಇರಲಿಲ್ಲ.

ಈಗ ಶೈಲಾಳ ಕೊರಳಲ್ಲೂ ಗಂಟು. ಹದಿನೈದು ದಿನದಲ್ಲಿ ಆಪರೇಷನ್ನಿಗೆ ಬನ್ನಿ ಎಂದು ದಾವಣಗೆರೆಯ ಡಾಕ್ಟರು ಹೇಳಿ ಎರಡು ತಿಂಗಳಾಗಿತ್ತು.

"ಆಪರೇಷನ್ ಮಾಡಿದ್ರ ದನಿ ಹೋಗಬಹುದಂತ. ನಾ ಹಾಡಿದ್ರ ಅವ್ವನ್ನ ಕೇಳಿದಂಗಾಗತೈತಿ ಅಂತಾರ ಕೋಗಳಿಯಾಗ. ಅದೊಂದ ಉಳದೈತಿ."

ತಿಪ್ಪೇಶ ಮೆಲ್ಲಗೆ ಅಂದ: "ಅವ್ವನ ದನಿ ಉಳಿಸ್ಕೊಳ್ಳಾಕ ಹೋಗಿ ಅವ್ವ ಹೋದ ದಾರೀನ ಹಿಡದೀರಿ. ನಾಳೆ ಮುಂಜಾನಿ ದಾವಣಗೆರಿ ಬಸ್ಸಿಗೆ ನಾನೂ ಬರ್ತೀನಿ."

ಬಸ್ಸಿನಲ್ಲಿ ಅವನು ಪಕ್ಕದಲ್ಲಿ ಕೂರದೆ ಹಿಂದಿನ ಸೀಟಿನಲ್ಲಿ ಕೂತ. ಹರಪನಹಳ್ಳಿ ದಾಟುವಾಗ ಅವಳು ತಿರುಗಿ ನೋಡಿ, ದನಿ ಹೋದರೆ ಇನ್ನು ಯಾರ ಹಾಡು ಕೇಳಿ ಅಳುತ್ತೀರಿ ಎಂದು ಕೇಳಿದಳು. ಕಿಟಕಿಯತ್ತ ಮುಖ ಮಾಡಿ ಅವನು ಹೇಳಿದ: "ಹಾಡು ಮುಗದ ಮ್ಯಾಲ ನೀವು ಈ ಕಡಿ ನೋಡ್ತೀರಲ್ರೀ, ನಾ ಕಾಯ್ತಿದ್ದದ್ದು ಅದಕ್ಕ."

ಆಪರೇಷನ್ ನಾಲ್ಕು ತಾಸು ನಡೆಯಿತು. ಗಂಟು ಅವರು ಹೆದರಿದ್ದಂತೆ ಕ್ಯಾನ್ಸರಿನದೇ. ಎಲ್ಲ ತೆಗೆದಿದ್ದೇವೆ, ಆದರೂ ಆರಾರು ತಿಂಗಳಿಗೆ ತೋರಿಸುತ್ತಿರಬೇಕು ಎಂದರು ಡಾಕ್ಟರು. ಹಾಡುವ ದನಿ ಮರಳಲಿಲ್ಲ. ಉಳಿದದ್ದು ಬರೀ ಉಸಿರಿನಂಥ ಪಿಸುಮಾತು.

ಮೂರನೆಯ ವಾರ ಚೆಕಪ್ಪಿಗೆ ಬಂದಾಗ, ಆಸ್ಪತ್ರೆಯ ಬೆಂಚಿನ ಮೇಲೆ ಶೈಲಾ ಅವನ ತೋಳು ಹಿಡಿದು ಹತ್ತಿರಕ್ಕೆಳೆದಳು. ಕೇಳಿಸಿಕೊಳ್ಳಲು ಅವನು ತಲೆ ಬಗ್ಗಿಸಿದ.

"ನನ್ನ ಒಪ್ಪಿಸಿಕೊಡಾಕ ಯಾರೂ ಇಲ್ಲ ತಿಪ್ಪೇಶ್," ಅವಳು ಉಸುರಿದಳು. "ನಾನಾಗೇ ನಿಮ್ಮ ಮನಿಗೆ ಬರ್ತೀನಿ. ಎಷ್ಟ ದಿನ ಇರ್ತೀನೋ ಗೊತ್ತಿಲ್ಲ."

"ಬರ್ರಿ," ಅಂದ ತಿಪ್ಪೇಶ. ಅವನ ದನಿಯೂ ಬಿರಿಯಿತು.