ಎದುರಿನ ಎಲೆ

ದುರ್ಗಿ ದೇವುಗೆ ಆಡಿದ ಮೊದಲ ಮಾತೇ ‘ಸುಳ್ಳುಗಾರ’ ಎಂಬುದು.

ಗೋವೆಯಲ್ಲಿ ಇನ್ನೂ ಪೋರ್ತುಗೀಸರಿದ್ದ ಕಾಲ. ಶರಾವತಿಗೆ ಸೇತುವೆ ಇರಲಿಲ್ಲ. ಭಟ್ಕಳದ ಬಸ್ಸು ಕಾಸರಕೋಡ ದಡಕ್ಕೆ ಬಂದು ನಿಲ್ಲುತ್ತಿತ್ತು. ಜನ ಇಳಿದು, ಲಾಂಚು ಹತ್ತಿ, ಆಚೆ ಹೊನ್ನಾವರ ಸೇರಿ ಅಲ್ಲಿಂದ ಕುಮಟೆಯ ಬಸ್ಸು ಹಿಡಿಯಬೇಕು. ಲಾಂಚು ಬರುವ ತನಕ ಹೊಟ್ಟೆ ಸುಮ್ಮನಿರುತ್ತದೆಯೆ? ಹಾಗಾಗಿ ಲಾಂಚು ನಿಲ್ಲುವ ಕಾಸರಕೋಡ ಧಕ್ಕೆಯ ಪಕ್ಕದಲ್ಲೇ ಹೊನ್ನಮ್ಮನ ಖಾನಾವಳಿ ಇತ್ತು. ತೆಂಗಿನ ಮಡಲಿನ ಮಾಡು, ಸೆಗಣಿ ಸಾರಿಸಿದ ನೆಲ, ಉದ್ದದ ಮೇಜು, ಅದರ ಎರಡೂ ಬದಿಗೆ ಬೆಂಚು. ಅಡುಗೆ ಹೊನ್ನಮ್ಮನದು, ಬಡಿಸುವುದು ಮಗಳು ದುರ್ಗಿಯದು.

ಆ ಮಧ್ಯಾಹ್ನ ಬೊಂಬಾಯಿಯಿಂದ ರಜೆಗೆ ಬಂದಿಳಿದ ಹುಡುಗನೊಬ್ಬನ ಸುತ್ತ ಜನ ಸೇರಿದ್ದರು. ಭಟ್ಕಳ ಬದಿಯ ಮುಟ್ಟಳ್ಳಿಯವನಂತೆ, ಹೆಸರು ದೇವು. ಭಟ್ಕಳದ ಸಾಹೇಬರೊಬ್ಬರ ಬೆನ್ನು ಹತ್ತಿ ಬೊಂಬಾಯಿಗೆ ಹೋಗಿ, ವಿಲಾಯತಿಗೆ ಹೋಗುವ ದೊಡ್ಡ ಹಡಗಿನಲ್ಲಿ ಸ್ಟುವರ್ಡ್ ಆದವನು. ಅಂದರೆ ಬಡಿಸುವವನು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಬಾಯಿ ಮಾತಾಡುತ್ತಿದ್ದರೂ ಕೈ ಮಾತ್ರ ಏನನ್ನಾದರೂ ಜೋಡಿಸುತ್ತಲೇ ಇತ್ತು. ಉಪ್ಪಿನ ಗರಟೆಯನ್ನು ಇಷ್ಟು ಸರಿಸುವುದು, ನೀರಿನ ಲೋಟವನ್ನು ಬಲಕ್ಕೆ ಇಡುವುದು.

“ಸಾವಿರ ಜನ ಉಂಬ ಹಾಲ್ ಕೆಳಗೆ ಅದೆ. ನಂದು ಅದಲ್ಲ,” ಎನ್ನುತ್ತಿದ್ದ. “ಎಲ್ಲಕ್ಕಿಂತ ಮೇಲಿನ ಡೆಕ್ಕಿನಲ್ಲಿ ಒಂದು ಸಣ್ಣ ರೆಸ್ಟೋರೆಂಟು. ಸೂಟ್ ತಕಂಡವ್ರಿಗೆ ಮಾತ್ರ. ಸೂಟ್ ಅಂದ್ರೆ ಎಂತ, ನಮ್ಮನೆ ಎರಡು ಸೇರ್ಸಿದ್ರೂ ಅಷ್ಟು ದೊಡ್ಡ ಖೋಲಿ ಆಗೂದಿಲ್ಲ. ಊಟಕ್ಕೆ ಒಂದೊಂದು ಮೇಜಿಗೆ ಒಂದೊಂದು ಕಿಟಕಿ, ಹೊರಗೆ ಬರೀ ಸಮುದ್ರ. ಗಂಡ ಈ ಬದಿ, ಹೆಂಡ್ತಿ ಆ ಬದಿ, ಎದುರುಬದುರು ಕೂತ್ಕಂಡು ಒಟ್ಟಿಗೇ ಉಣ್ತ್ರು. ಬಡ್ಸೂದೂ ಮೊದ್ಲು ಹೆಂಗಸಿಗೆ.”

ಬಂಗಡೆ ಸಾರಿನ ಸೌಟು ಹಿಡಿದಿದ್ದ ದುರ್ಗಿ ಅಲ್ಲೇ ನಿಂತುಬಿಟ್ಟಳು. “ಸುಳ್ಳುಗಾರ.”

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ದೇವು ನಗಲಿಲ್ಲ. ಮೆಲ್ಲನೆ ತಲೆಯೆತ್ತಿ, ಮೊದಲು ಸೌಟನ್ನು, ಆಮೇಲೆ ಅದನ್ನು ಹಿಡಿದ ಕೈಯನ್ನು, ಕೊನೆಗೆ ಮುಖವನ್ನು ನೋಡಿದ.

“ಯಾವ್ದು ಸುಳ್ಳು? ಕಿಟಕಿಯಾ?”

“ಗಂಡಸ್ರ ಊಟ ಆಗದೆ ಹೆಂಗಸು ಹ್ಯಾಂಗೆ ಉಣ್ತಳೆ?”

“ಬಾಯಲ್ಲೇ.”

ದುರ್ಗಿ ಅವನ ಎಲೆಗೆ ಬರೀ ಸಾರು ಸುರಿದಳು, ಮೀನಿನ ಹೋಳು ಹಾಕಲಿಲ್ಲ. ಅವನು ಅದನ್ನೇ ರುಚಿಕಟ್ಟಾಗಿ ಉಂಡು, ಕೈತೊಳೆದು, ಹೋಗುವ ಮುಂಚೆ ಅಡುಗೆಮನೆಯ ಬಾಗಿಲ ಬಳಿ ನಿಂತು ಕೇಳಿದ. “ನೀನು ಯಾವಾಗ ಉಣ್ಣೂದು?”

ಅವಳಿಗೆ ಹುಟ್ಟಿದಂದಿನಿಂದ ಯಾರೂ ಆ ಮಾತು ಕೇಳಿರಲಿಲ್ಲ. “ಎಲ್ಲರದೂ ಆದ್ಮೇಲೆ,” ಎಂದಳು.

“ನಾನೂ ಅಷ್ಟೇಯ. ಹಡಗಿನ ಅಡುಗೆಮನೆ ಮೂಲೇಲಿ, ನಿಂತ್ಕಂಡು.”

ಸಿಟ್ಟು ಎಲ್ಲಿ ಹೋಯಿತೋ ದುರ್ಗಿಗೆ ಗೊತ್ತಾಗಲಿಲ್ಲ.

ಆ ರಜೆಯಲ್ಲಿ ದೇವುಗೆ ಹೊನ್ನಾವರದಲ್ಲಿ ಕೆಲಸವೋ ಕೆಲಸ. ತೋಟಕ್ಕೆ ಹಗ್ಗ ಬೇಕು, ಮನೆಗೆ ಶುಂಠಿ ಬೇಕು, ಕೊಡೆಗೆ ಕಡ್ಡಿ ಹಾಕಿಸಬೇಕು. ಭಟ್ಕಳದ ಪೇಟೆಯಲ್ಲಿ ಇವೆಲ್ಲ ಸಿಗುವುದಿಲ್ಲವೆ ಎಂದು ಮುಟ್ಟಳ್ಳಿಯಲ್ಲಿ ಯಾರೂ ಕೇಳಲಿಲ್ಲವೋ, ಕೇಳಿದರೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲವೋ. ಹೋಗುವಾಗ ಒಂದು ಊಟ, ಬರುವಾಗ ಒಂದು ಊಟ. ಬೆಂಚು ಖಾಲಿಯಾಗುವ ತನಕ ನಿಧಾನಕ್ಕೆ ಉಣ್ಣುವುದು, ಆಮೇಲೆ ಕಥೆ. ದುರ್ಗಿ ಪಾತ್ರೆ ತಿಕ್ಕುತ್ತ ಕೇಳುವಳು.

ಬೆಳ್ಳಿ ಮುಚ್ಚಳ ತೆಗೆದರೆ ಹಬೆಯಾಡುವ ಮೀನು. ಮೇಜಿನ ಬಳಿಯೇ ಅದರ ಮುಳ್ಳನ್ನೆಲ್ಲ ಇಡಿಯಾಗಿ ಬಿಡಿಸಿ ಬಡಿಸಬೇಕು. ಮೂವರು ಪಿಟೀಲು ನುಡಿಸುತ್ತಾರೆ. ಹೂವಿನ ಹಾಗೆ ಮಡಿಸಿದ ಕರವಸ್ತ್ರ. ಇದೆಲ್ಲ ದುರ್ಗಿಗೆ ಅಷ್ಟಕ್ಕಷ್ಟೆ. ಅವಳಿಗೆ ಬೇಕಾದದ್ದು ಮೂಲೆಯ ಮೇಜಿನ ಮುದಿ ದಂಪತಿಯ ಸುದ್ದಿ.

“ಆ ಅಮ್ಮಂಗೆ ಕೈ ನಡುಗ್ತದೆ. ಚಮಚ ಬಾಯಿಗೆ ಹೋಗೂಕೇ ಹೊತ್ತು ಬೇಕು,” ಎಂದ ದೇವು. “ಮುದುಕಂದು ಬೇಗ ಮುಗೀತದೆ. ಆದ್ರೆ ಅಂವ ತಟ್ಟೇಲಿ ಒಂದು ತುಂಡು ಉಳಿಸ್ಕಂಡೇ ಇರ್ತ. ಅದನ್ನ ಆಚೆ ಈಚೆ ಮಾಡ್ತ, ತಿಂಬೂದಿಲ್ಲ. ಅವಳದ್ದು ಮುಗಿದ್ಮೇಲೇ ಅಂವ ತಿಂಬೂದು. ಇಬ್ರದೂ ಆಗದೆ ಒಬ್ರ ತಟ್ಟೆ ನಾವು ಎತ್ತೂ ಹಾಂಗಿಲ್ಲ. ಅದು ಅಲ್ಲಿನ ಕಾಯ್ದೆ.”

“ಇಲ್ಲೂ ಅದೇಯ. ಪಂಕ್ತೀಲಿ ಎಲ್ಲರ ಊಟ ಆಗದೆ ಒಬ್ಬ ಏಳೂ ಹಾಂಗಿಲ್ಲ.”

“ಹಾಂಗಾರೆ ಲಂಡನ್ನಿಗೂ ಕಾಸರಕೋಡಿಗೂ ಹೆಚ್ಚು ದೂರ ಇಲ್ಲ,” ಎಂದು ದೇವು ನಕ್ಕ. ದುರ್ಗಿ ಪಾತ್ರೆಯ ಮೇಲೆ ಬಗ್ಗಿದಳು, ನಕ್ಕದ್ದು ಕಾಣಬಾರದೆಂದು. ಕಂಡಿತು.

ಮರುವರ್ಷ ಬಂದಾಗ ಅವನೊಂದು ಆಟ ಹೂಡಿದ. ಹೊನ್ನಮ್ಮ ಮೀನಿಗೆಂದು ಹೋಗಿದ್ದಳು, ಖಾನಾವಳಿ ಖಾಲಿ. ಮೇಜಿನ ತುದಿಯನ್ನು ಒರೆಸಿ, ಎಲೆ ಹಾಕಿ, ಅಡುಗೆಮನೆಯ ಒರೆಸುವ ಪಂಜಿ ಬಟ್ಟೆಯನ್ನೇ ಮಡಿಸಿ ತಾವರೆ ಮಾಡಿಟ್ಟ. “ಮೇಡಂ, ಕೂತ್ಕಳ್ಳಿ.”

“ನಾನಾ?”

“ಇಲ್ಲಿ ಬೇರೆ ಮೇಡಂ ಯಾರಿದ್ದಾರೆ?”

ದುರ್ಗಿ ಬೆಂಚಿನ ತುದಿಗೆ ಕೂತಳು. ಅವಳು ದಿನವೂ ಒರೆಸುವ ಬೆಂಚು, ಕೂತು ಗೊತ್ತಿಲ್ಲ. ದೇವು ಎಡಗಡೆಯಿಂದ ಬಗ್ಗಿ ಅನ್ನ ಬಡಿಸಿದ, ಸಾರು ಬಡಿಸಿದ. ಒಂದು ತೊಟ್ಟೂ ಹೊರಗೆ ಚೆಲ್ಲಲಿಲ್ಲ. ಬಂಗಡೆಯ ಮುಳ್ಳು ಬಿಡಿಸಿ ಎಲೆಗಿಟ್ಟ. ಆಮೇಲೆ ಹಿಂದೆ ಸರಿದು, ತೋಳಿಗೆ ಟವೆಲ್ಲು ಹಾಕಿಕೊಂಡು ನೆಟ್ಟಗೆ ನಿಂತ.

ಒಂದು ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಅವಳ ಕಣ್ಣು ತುಂಬಿತು. ಯಾಕೆಂದು ಹೇಳಲು ಅವಳಿಗೂ ಬರಲಿಲ್ಲ. “ನೀ ನಿಂತ್ಕಂಡ್ರೆ ನಂಗೆ ಗಂಟಲಲ್ಲಿ ಇಳೂದಿಲ್ಲ. ಎದುರು ಕೂತ್ಕ.”

“ಸ್ಟುವರ್ಡ್ ಕೂರೂ ಹಾಂಗಿಲ್ಲ.”

“ಇದು ಹಡಗಲ್ಲ ಮಾರಾಯ. ಕೂತ್ಕ, ಒಟ್ಟಿಗೆ ಉಂಬ.”

ಅವನು ಕೂರುತ್ತಿದ್ದನೋ ಏನೋ. ಅಷ್ಟರಲ್ಲಿ ಹೊನ್ನಮ್ಮನ ಕೆಮ್ಮು ಕೇಳಿತು. ದುರ್ಗಿ ಎಲೆಯೊಡನೆ ಒಳಗೆ ಓಡಿದಳು. ತಾವರೆ ಮಾತ್ರ ಮೇಜಿನ ಮೇಲೆ ಉಳಿಯಿತು, ಹೊನ್ನಮ್ಮ ಅದನ್ನು ಕೊಡವಿ ಪಾತ್ರೆ ಇಳಿಸಲು ತೆಗೆದುಕೊಂಡು ಹೋದಳು.

“ಮುಂದಿನ ಸಲ ಬಂದಾಗ ಎದುರು ಕೂತೇ ಉಂಬೂದು,” ಎಂದ ದೇವು, ಲಾಂಚು ಹತ್ತುವ ದಿನ. ದುರ್ಗಿ ಆ ಒಂದು ಮಾತಿನ ಮೇಲೆ ವರ್ಷ ಕಳೆದಳು. ಬೆಂಚಿನಲ್ಲಿ ಎದುರುಬದುರು ಯಾರು ಕೂತರೂ ಅವಳಿಗೆ ತಾವಿಬ್ಬರೇ ಕೂತಂತೆ.

ಇಬ್ಬರದೂ ಒಂದೇ ಜಾತಿ, ಹೊನ್ನಮ್ಮನಿಗೂ ಹುಡುಗ ಮೆಚ್ಚು. ಅಡ್ಡಿಯೆಂಬುದೇ ಇರಲಿಲ್ಲ. ಆದರೂ ತಪ್ಪಿತು. ಅಡ್ಡಿಯಿಲ್ಲದ್ದು ತಪ್ಪಿದರೆ ಆ ನೋವಿಗೆ ಬೈಯಲು ಒಬ್ಬ ಮನುಷ್ಯನೂ ಸಿಗುವುದಿಲ್ಲ.

ಮೂರನೆಯ ರಜೆಗೆ ಬಂದ ದಿನವೇ ದುರ್ಗಿ ಅವನನ್ನು ಕೇಳಿದ್ದಳು. ಮುಖ ನೋಡದೆ, ನೀರಿನ ಲೋಟ ಇಡುತ್ತ ಕೇಳಿದ್ದಳು. “ಹಡಗಿನವನ ಹೆಂಡ್ತಿ ವರ್ಷವಿಡೀ ಯಾರ ಎದುರು ಕೂತ್ಕಂಡು ಉಣ್ತಳೆ?”

‘ಆ ಕೆಲಸ ಬಿಟ್ಟು ಬರ್ತೆ’ ಎನ್ನುತ್ತಾನೆ, ಇಲ್ಲವೆ ‘ಕಾಯ್ತ್ಯ?’ ಎಂದು ಕೇಳುತ್ತಾನೆ ಎಂದುಕೊಂಡಿದ್ದಳು. ಎರಡರಲ್ಲಿ ಯಾವುದಕ್ಕೂ ಅವಳ ಉತ್ತರ ತಯಾರಿತ್ತು. ದೇವು ಮಾತ್ರ ಲೋಟವನ್ನು ಬಲಕ್ಕೆ ಸರಿಸಿಟ್ಟ.

ಅದೇ ಹೊತ್ತಿಗೆ ಲಾಂಚು ನಡೆಸುವ ಜಟ್ಟನ ಕಡೆಯವರು ಹೆಣ್ಣು ಕೇಳಿ ಬಂದರು. ಜಟ್ಟ ಹೆಚ್ಚು ಮಾತಿಲ್ಲದ ಆಳು. ಊಟ ಬಡಿಸಿದರೆ ಉಣ್ಣುವುದು, ಮರೆತರೆ ಕಾಯುವುದು. ಹೊನ್ನಮ್ಮ ಹೆಡ್ಡಿಯಲ್ಲ. ದೇವು ಊಟಕ್ಕೆ ಬಂದ ದಿನ ಜನ ಕರಗುವ ತನಕ ತಡೆದು, ಅವನೆದುರು ನಿಂತು ನೇರ ಕೇಳಿಯೇಬಿಟ್ಟಳು.

“ದೇವು, ಜಟ್ಟನ ಮನೆಯವ್ರು ದುರ್ಗಿನ ಕೇಳ್ತ್ರು. ನಾನು ಇನ್ನೂ ಮಾತು ಕೊಡ್ಲಿಲ್ಲ. ನೀ ಎಂತ ಹೇಳ್ತೆ?”

ದೇವು ಉತ್ತರ ಕೊಡುವ ಮುಂಚೆ, ಅಮ್ಮನ ಹಿಂದೆ ನಿಂತಿದ್ದ ದುರ್ಗಿಯ ಮುಖ ನೋಡಿದ. ಕೂತವರಿಗೆ ಏನು ಬೇಕೆಂದು ಅವರು ಬಾಯಿ ಬಿಡುವ ಮೊದಲೇ ಮುಖದಲ್ಲಿ ಕಂಡುಹಿಡಿಯುವುದು ಅವನ ಕಸುಬು. ಆದರೆ ದುರ್ಗಿಗೆ ಅಳು ಬಂದರೆ ಮುಖ ಬಿಗಿಯುತ್ತದೆ, ನೋಡುವವರಿಗೆ ಬೇಸರದಂತೆ ಕಾಣುತ್ತದೆ. ಅದು ಅವಳ ತಾಯಿಗೆ ಗೊತ್ತು, ದೇವುಗೆ ಗೊತ್ತಿರಲಿಲ್ಲ.

“ಒಳ್ಳೆ ಸಂಬಂಧ,” ಎಂದ ಅವನು. “ಜಟ್ಟಣ್ಣ ದಿನಾ ಮಧ್ಯಾಹ್ನ ಊಟಕ್ಕೆ ಮನೇಲಿ ಇರ್ತ. ಮಾಡಿ.”

ದುರ್ಗಿಯ ಕೈಯಲ್ಲಿ ಸೌಟು ಇತ್ತು. ಒಳಗೆ ಹೋಗಿ ಅದನ್ನು ತೊಳೆದಳು, ತೊಳೆದಿದ್ದನ್ನು ಮತ್ತೆ ತೊಳೆದಳು. ಬೇಡವೆನ್ನಲು ಅವಳ ಬಳಿ ಈಗ ಏನು ಉಳಿದಿತ್ತು? ಆ ವಾರವೇ ಜಟ್ಟನ ಮನೆಯವರೊಡನೆ ಎಲೆಯಡಿಕೆ ಬದಲಾಯಿತು.

ದೇವು ಹಡಗಿಗೆ ಮರಳುವ ದಿನ ಬಂತು. ಭಟ್ಕಳದ ಬಸ್ಸಿನಿಂದ ಟ್ರಂಕು ಇಳಿಸಿಕೊಂಡು ಖಾನಾವಳಿಗೆ ಬಂದವನು ಬೆಂಚಿನ ತುದಿಯಲ್ಲಿ ಕೂತ. ಉಣ್ಣದೆ ಹೋಗಬಹುದಿತ್ತು, ಆಗಲಿಲ್ಲ. ಊಟದ ಹೊತ್ತು, ಬೆಂಚು ತುಂಬಿತ್ತು. ಧಕ್ಕೆಯಲ್ಲಿ ಜಟ್ಟನ ಲಾಂಚು ಹೊರಡಲು ನಿಂತಿತ್ತು.

ದುರ್ಗಿ ಅವನ ಮುಂದೆ ಎಲೆ ಹಾಕಿದಳು. ಎದುರಿಗೆ ಇನ್ನೊಂದು ಎಲೆ ಹಾಕಿದಳು. ಎರಡಕ್ಕೂ ಅನ್ನ ಬಡಿಸಿ, ಅನ್ನದ ಪಾತ್ರೆ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಅವನೆದುರು ಕೂತಳು.

ಇಡೀ ಬೆಂಚು ಉಣ್ಣುವುದನ್ನು ನಿಲ್ಲಿಸಿತು. ಮದುವೆ ಗೊತ್ತಾದ ಹೆಣ್ಣು, ಗಂಡಸರ ಮೇಜಿಗೆ, ಪರಪುರುಷನ ಎದುರು. ಒಳಗಿನಿಂದ ಸಾರಿನ ಪಾತ್ರೆ ಹಿಡಿದು ಬಂದ ಹೊನ್ನಮ್ಮ ಬಾಗಿಲಲ್ಲೇ ನಿಂತಳು. ಮಗಳ ಮುಖ ನೋಡಿದಳು, ಬಿಗಿದಿತ್ತು. ಬಂದು ಸಾರು ಬಡಿಸಿದಳು, ಮೊದಲು ಮಗಳ ಎಲೆಗೆ, ಆಮೇಲೆ ದೇವುಗೆ.

“ಉಣ್ಣು,” ಎಂದಳು ದುರ್ಗಿ.

ಇಬ್ಬರೂ ಉಂಡರು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಮೆಲುದನಿಯಲ್ಲಿ ಮಾತು ತೆಗೆದಳು. “ಯಾರ ಎದುರು ಉಣ್ತಳೆ ಅಂತ ನಾ ಕೇಳಿದ್ದು. ಬ್ಯಾಡ ಅಂತ ಹೇಳ್ಲಿಲ್ಲ. ಎದುರಿಗೆ ಖಾಲಿ ಎಲೆ ಹಾಕ್ಕಂಡಾದ್ರೂ ಉಣ್ತಿದ್ದೆ.”

ದೇವುನ ಕೈ ನಿಂತಿತು. “ನಾನು ನಿನ್ನ ಮುಖ ನೋಡಿ ಬ್ಯಾಡ ಅಂತ ತಿಳ್ಕಂಡೆ.”

“ದೇಶದೇಶದವ್ರ ಮುಖ ನೋಡಿದಂವ ನೀನು. ನನ್ನತ್ರ ಒಂದು ಮಾತು ಕೇಳಬಹುದಿತ್ತು.”

“ಕೇಳೂದು ನಂಗೆ ಅಭ್ಯಾಸ ಇಲ್ಲ ದುರ್ಗಿ. ಬೇರೆಯವ್ರಿಗೆ ಎಂತ ಬೇಕು ಅಂತ ನೋಡೂದು ಗೊತ್ತು. ನಂಗೆ ಬೇಕು ಅಂತ ಯಾರ ಹತ್ರವೂ ಕೇಳಿ ಗೊತ್ತಿಲ್ಲ.” ಅವನು ತಲೆಯೆತ್ತಿದ. “ಈಗ ಕೇಳ್ತೆ. ನೀ ನಂಗೆ ಬೇಕು. ಟ್ರಂಕು ಇಲ್ಲೇ ಇಳ್ಸಿಬಿಡ್ತೆ.”

ಮೂರು ರಜೆ ಕಾದ ಮಾತು. ದುರ್ಗಿಯ ಮೈಯೆಲ್ಲ ಒಮ್ಮೆ ಸುಖದಿಂದ ನಡುಗಿತು.

ಆಗ ಹೊರಗೆ ಗಲಾಟೆ ಕೇಳಿತು. ಲಾಂಚಿನಲ್ಲಿ ಕೂತವರು ಕೂಗಾಡುತ್ತಿದ್ದರು. ಆಚೆ ಕುಮಟೆಯ ಬಸ್ಸು ತಪ್ಪುತ್ತದೆ, ಬಿಡು ಮಾರಾಯ ಎಂದು. ಜಟ್ಟ ಖಾನಾವಳಿಗೆ ಬೆನ್ನು ಹಾಕಿ, ಇಂಜಿನ್ನಿನ ಮೇಲೆ ಬಗ್ಗಿ ಕೂತಿದ್ದ. “ಸ್ಟಾರ್ಟ್ ಆಗೂದಿಲ್ಲ. ಸ್ವಲ್ಪ ತಡೀರಿ,” ಎನ್ನುತ್ತಿದ್ದ. ಕೈಯಲ್ಲಿ ಒಂದು ಅರಿವೆ, ಒರೆಸಿದ್ದನ್ನೇ ಒರೆಸುತ್ತಿದ್ದ.

“ಇಂಜಿನ್ ಕೆಡ್ಲಿಲ್ಲ,” ಎಂದಳು ದುರ್ಗಿ. “ಅಂವ ಇಲ್ಲಿ ಬಾಗಿಲ ತನಕ ಬಂದಿದ್ದ. ನಮ್ಮನ್ನ ನೋಡ್ದ. ಹಾಂಗೇ ತಿರುಗಿ ಹೋದ.”

ದೇವು ಧಕ್ಕೆಯ ಕಡೆ ನೋಡಿದ.

“ನಾನು ಉಂಡು ಏಳಲಿ ಅಂತ ಕಾಯ್ತ ಅಂವ,” ಎಂದಳು. “ಇಂಥವನಿಗೆ ಹ್ಯಾಂಗೆ ಇಲ್ಲ ಅಂಬೂದು? ನೀನೇ ಹೇಳು.”

ಅವನು ಎಲೆಯಲ್ಲಿ ಉಳಿದಿದ್ದನ್ನು ತಲೆ ತಗ್ಗಿಸಿ ಉಂಡು ಮುಗಿಸಿದ. ದುರ್ಗಿಯ ಎಲೆಯಲ್ಲಿ ಒಂದು ತುತ್ತು ಅನ್ನ ಉಳಿದಿತ್ತು. ಅದನ್ನು ಆಚೆ ಸರಿಸಿದಳು, ಈಚೆ ಸರಿಸಿದಳು. ಅವಳದು ಮುಗಿಯದೆ ಅವನು ಏಳುವುದಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ಬೆಂಚಿನ ಉಳಿದವರೂ ಯಾಕೋ ಉಂಡ ಕೈಯಲ್ಲೇ ಕೂತಿದ್ದರು.

ದೇವು ಅವಳನ್ನು ನೋಡುತ್ತಿದ್ದ. ಅವಳೂ ನೋಡಿದಳು, ಯಾರು ನೋಡಿದರೂ ನೋಡಲಿ ಎಂದು ಕಣ್ಣು ತುಂಬ ನೋಡಿದಳು. ಬಾಚಿದ ಕ್ರಾಪು, ಕೆಂಪಾದ ಕಣ್ಣು, ಲೋಟವನ್ನು ಬಲಕ್ಕೆ ಸರಿಸುವ ಬೆರಳು. ಬದುಕಿಡೀ ಬೇಕಾದ್ದನ್ನು ಒಂದು ಊಟದಲ್ಲಿ ನೋಡಿ ಮುಗಿಸಬೇಕಿತ್ತು.

ಆಮೇಲೆ ಆ ತುತ್ತನ್ನು ಬಾಯಿಗಿಟ್ಟಳು. ಅನ್ನ ತಣ್ಣಗಾಗಿತ್ತು.

“ಆತು,” ಎಂದಳು.

ದೇವು ಎದ್ದ. ಮೇಜು ಸುತ್ತಿ ಬಂದು, ಹಡಗಿನಲ್ಲಿ ತಟ್ಟೆ ಎತ್ತುವ ಹಾಗೆ ಅವಳ ಬಲಗಡೆಯಿಂದ ಬಗ್ಗಿ, ಅವಳ ಎಂಜಲೆಲೆಯನ್ನು ಎತ್ತಿದ. ಅದರ ಮೇಲೆ ತನ್ನದನ್ನೂ ಇಟ್ಟುಕೊಂಡು ಹಿತ್ತಿಲಿಗೆ ಒಯ್ದ. ಕೈತೊಳೆದು, ಟ್ರಂಕು ಎತ್ತಿಕೊಂಡು, ತಿರುಗಿ ನೋಡದೆ ಧಕ್ಕೆಗೆ ಇಳಿದ.

ದುರ್ಗಿ ಪಂಜಿ ತಂದು ಮೇಜು ಒರೆಸತೊಡಗಿದಳು. ಅವನು ಕೂತ ಜಾಗವನ್ನು ಒರೆಸುವಾಗ ಹೊರಗೆ ಜಟ್ಟ ಹಗ್ಗ ಬಿಚ್ಚಿದ ಸದ್ದು ಕೇಳಿತು. ಇಂಜಿನ್ನು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು.