ಪಕ್ಕದಲ್ಲಿ ಕುಳಿತವನು

“ನಿಮ್ಮ ಪಕ್ಕ ಕುಂದರ್ತೀನ್ರಿ. ಯಾರಾರ ಕೇಳಿದ್ರ ನಾ ನಿಮ್ಮ ಮನಿಯವ ಅಂತ ಹೇಳ್ರಿ.”

ವಿರೂಪಮ್ಮ ಬೆಚ್ಚಿ ನೋಡಿದಳು. ಮೂವತ್ತರ ಆಸುಪಾಸಿನ ಗಂಡಸು. ಹಿಂದಿನ ಸೀಟಿನಿಂದ ಎದ್ದು ಬಂದು, ಅವಳು ಹೂಂ ಅನ್ನುವ ಮೊದಲೇ ಕೂತುಬಿಟ್ಟಿದ್ದ. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ನಿಧಾನವಾಯಿತು. ರಸ್ತೆಗೆ ಅಡ್ಡವಾಗಿ ಜೀಪೊಂದು ನಿಂತಿತ್ತು.

ಅದು ಎಂಬತ್ನಾಲ್ಕನೆಯ ಇಸವಿ. ಗಡಿಯಾಚೆಯಿಂದ ಕದ್ದು ಸಾರಾಯಿ ತರುವ ಎರಡು ಗುಂಪುಗಳು ಕುರುಗೋಡಿನಿಂದ ಸಿರುಗುಪ್ಪದವರೆಗಿನ ದಾರಿಗಾಗಿ ಹೊಡೆದಾಡುತ್ತಿದ್ದ ಕಾಲ. ಜನ ಹೊತ್ತು ಮುಳುಗುವುದರೊಳಗೆ ಊರು ಸೇರುತ್ತಿದ್ದರು, ಬಸ್ಸಿನಲ್ಲಿ ಊರಿನ ಹೆಸರು, ಮನೆತನದ ಹೆಸರು ಎತ್ತುತ್ತಿರಲಿಲ್ಲ. ಎದುರು ಗುಂಪಿನವರ ಬಂಧುಗಳನ್ನು ಬಸ್ಸಿನಿಂದ ಇಳಿಸಿ ಕಡಿಯುತ್ತಿದ್ದರು. ಆದರೆ ಹೆಂಡತಿಯ ಜೊತೆಗಿರುವ ಗಂಡಸನ್ನು ಮುಟ್ಟುವುದಿಲ್ಲ ಎಂಬ ಮಾತೊಂದು ಹೇಗೋ ಉಳಿದುಕೊಂಡಿತ್ತು.

ಇಬ್ಬರು ಬಸ್ಸು ಹತ್ತಿದರು. ಒಬ್ಬ ಅವಳ ಸೀಟಿನ ಹತ್ತಿರ ನಿಂತು, ಇವನ್ಯಾರು ಎಂದು ಕೇಳಿದ. ಪಕ್ಕದವನು ತನ್ನ ಟಿಕೇಟನ್ನು ಮತ್ತೆ ಮತ್ತೆ ಮಡಚುತ್ತಿದ್ದುದು ಅವಳಿಗೆ ಕಂಡಿತು.

“ನಮ್ಮ ಮನಿಯವರು,” ಎಂದಳು.

ಜೀಪು ಹೋದ ಮೇಲೆ ಅವನು ಸೀಟಿನ ತುದಿಗೆ ಸರಿದ. “ತಪ್ಪಾತ್ರಿ.”

“ತಾಳಿ ಎಲ್ಲಿ ಅಂತ ಕೇಳಿದ್ರ ಏನ್ ಮಾಡ್ತಿದ್ರಿ?”

“ಮೈತುಂಬ ಸೆರಗು ಹೊದ್ದೀರಿ. ಅದನ್ನ ನೋಡೇ ಬಂದೀನ್ರಿ.”

ಅವಳಿಗೆ ನಗು ಬಂತು. ತೋರಿಸಿಕೊಳ್ಳದೆ ಕಿಟಕಿಯ ಕಡೆ ತಿರುಗಿದಳು.

ಅವನ ಹೆಸರು ಎರ್ರಿಸ್ವಾಮಿ, ಸಿರುಗುಪ್ಪದ ಆಚೆಯ ರಾರಾವಿ ಊರಿನವನು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಗಾದೆಪ್ಪ ಎಂಬವರ ಅಂಗಡಿಯಲ್ಲಿ ಪ್ಯಾಂಟು ಹೊಲಿಯುತ್ತಿದ್ದ. ಅವನ ಅಣ್ಣ ಕೊಟ್ಟೂರಪ್ಪ ಒಂದು ಗುಂಪಿನ ಲಾರಿ ಓಡಿಸುತ್ತಿದ್ದ. ಅಷ್ಟಕ್ಕೇ ಇಡೀ ಮನೆ ಇನ್ನೊಂದು ಗುಂಪಿನ ಕಣ್ಣಿಗೆ ಬಿದ್ದಿತ್ತು. ವಿರೂಪಮ್ಮ ಬಳ್ಳಾರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಊರು ಸಿರುಗುಪ್ಪ. ಇಬ್ಬರೂ ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೊರಡುವವರು.

ಮುಂದಿನ ಶನಿವಾರ ಅವನು ಸೀಟಿಗೆ ಟವೆಲ್ ಹಾಕಿ ಕಾಯುತ್ತಿದ್ದ. ಅದರ ಮುಂದಿನ ವಾರ ಅವಳೇ ಬ್ಯಾಗು ಇಟ್ಟು ಜಾಗ ಹಿಡಿದಿದ್ದಳು.

ಕುರುಗೋಡಿನಲ್ಲಿ ಬಸ್ಸು ಚಹಾಕ್ಕೆ ನಿಲ್ಲುತ್ತಿತ್ತು. ಅವನು ಒಗ್ಗರಣೆ ಮಂಡಕ್ಕಿ, ಮಿರ್ಚಿ ತರುತ್ತಿದ್ದ. ಖಾರ ಹತ್ತಿ ಅವಳ ಕಣ್ಣಲ್ಲಿ ನೀರು ಬಂದರೆ, ನೋಡದವನಂತೆ ನೋಡುತ್ತಿದ್ದ. ಒಮ್ಮೆ ತಲೆ ಬಗ್ಗಿಸಿಕೊಂಡೇ, ಅವಳ ರವಿಕೆಯ ಎಡತೋಳು ಸ್ವಲ್ಪ ಸಡಿಲ ಇದೆ ಎಂದ.

“ಪ್ಯಾಂಟು ಹೊಲಿಯೋರಿಗೆ ಅದ್ಯಾಕ್ರಿ?” ಎಂದಳು. ಅವನ ಕಿವಿ ಕೆಂಪಾದವು.  ಸಿರುಗುಪ್ಪ ಬರುವುದರೊಳಗೆ ಅವಳು ಎರಡು ಸಲ ತನ್ನ ತೋಳು ನೋಡಿಕೊಂಡಳು.

ಜೀಪಿನವರು ಬಸ್ಸು ತಡೆದಾಗಲೆಲ್ಲ ಅವಳು ಅದೇ ಮಾತು ಹೇಳುತ್ತಿದ್ದಳು. ಒಂದು ಶನಿವಾರ, ಕುರುಗೋಡಿನ ಚಹಾದಂಗಡಿಯಲ್ಲಿ ಅವನು ಗ್ಲಾಸು ಕೆಳಗಿಟ್ಟ.

“ಸುಳ್ಳು ಹೇಳಿಸಿ ಹೇಳಿಸಿ ಬ್ಯಾಸರ ಆಗೈತ್ರಿ.”

“ಹಂಗಾರ?”

“ಖರೇ ಮಾಡೋಣೇನ್ರಿ?”

ಅವ್ವನನ್ನು ಕೇಳಬೇಕು ಎಂದಳು ವಿರೂಪಮ್ಮ. ನಾ ಕೇಳುತ್ತಿರುವುದು ನಿಮ್ಮನ್ನ ಎಂದ ಅವನು. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಬಸ್ಸಿನ ಹಾರ್ನ್ ಕೇಳಿ ಎಲ್ಲರೂ ಏಳುವ ಗದ್ದಲದಲ್ಲಿ ಮೆಲ್ಲಗೆ ಹೂಂ ಎಂದಳು. ಅವನಿಗೆ ಮಾತ್ರ ಕೇಳಿಸಿತು.

ಆ ತಿಂಗಳೇ ಕೊಟ್ಟೂರಪ್ಪನ ಕೊಲೆಯಾಯಿತು.

ದೊಡ್ಡಪ್ಪಂದಿರು ಬಂದು, ಅಣ್ಣನ ಜಾಗದಲ್ಲಿ ನಿಂತು ಸೇಡು ತೀರಿಸು ಎಂದರು. ಎರ್ರಿಸ್ವಾಮಿ ಒಪ್ಪಲಿಲ್ಲ. ಅಣ್ಣನ ಗುಂಪಿನವರು ಹೇಡಿ ಎಂದರು, ಎದುರಿನವರು ಇವನು ಇವತ್ತಲ್ಲ ನಾಳೆ ಕತ್ತಿ ಹಿಡಿಯುವವನೇ ಎಂದರು. ಅವನು ಊರಿಗೆ ಹೋಗುವುದನ್ನು ಬಿಟ್ಟು ಅಂಗಡಿಯಲ್ಲೇ ಉಳಿದ.

ವಿರೂಪಮ್ಮ ಅಂಗಡಿಗೆ ಹೋದಾಗ, ಇನ್ನು ಮೇಲೆ ಜೊತೆಗೆ ಕೂರುವುದು ಬೇಡ ಎಂದ. ಎದುರು ಗುಂಪಿನವರು ಈಗ ತನ್ನ ಮುಖ ಗುರುತು ಹಿಡಿಯುತ್ತಾರೆ, ಅವಳ ಮನೆಯೂ ಗೊತ್ತಾಗಿಬಿಡುತ್ತದೆ ಎಂದ. ತಾನು ಪಕ್ಕದಲ್ಲಿದ್ದರೆ ಮುಟ್ಟುವುದಿಲ್ಲ ಎಂದು ಅವಳು ವಾದಿಸಿದಳು.

“ಮೊದಲು ನೀ ಯಾರಂತ ಗೊತ್ತಿರಲಿಲ್ಲ. ಅದಕ್ಕ ಬಂದು ಕುಂತೆ,” ಎಂದ ಎರ್ರಿಸ್ವಾಮಿ. “ಈಗ ಹೆಂಗ ಕುಂದ್ರಲಿ, ವಿರೂಪಾ?”

ಅವನು ಮೊದಲ ಬಾರಿ ಅವಳನ್ನು ನೀ ಎಂದಿದ್ದ. ಊರಿಗೆ ಹೋಗುವುದಾದರೆ ನನಗೆ ಹೇಳಿ ಹೋಗಬೇಕು ಎಂದು ಅವಳು ಮಾತು ತೆಗೆದುಕೊಂಡಳು. ಅವನು ತಲೆಯಾಡಿಸಿದ.

ಒಂದು ಬುಧವಾರ ಅವಳು ಬೋರ್ಡಿನ ಮುಂದೆ ಕೂತಿದ್ದಳು. ಸಿರುಗುಪ್ಪದಿಂದ ಟ್ರಂಕ್ ಕಾಲ್. ಕೇಳಿದ್ದು ಗಾದೆಪ್ಪನ ಅಂಗಡಿಯ ನಂಬರು. ಲೈನು ಕೂಡಿಸಿ, ಮಾತು ಸರಿಯಾಗಿ ಕೇಳುತ್ತಿದೆಯೇ ನೋಡಲು ಒಂದು ಕ್ಷಣ ಕಿವಿಗೊಟ್ಟಳು.

“ನಿಮ್ಮ ಅಂಗಡ್ಯಾಗಿನ ಎರ್ರಿಸ್ವಾಮೀನ ಬಸ್ಸಿನಿಂದ ಇಳಿಸಿಬಿಟ್ರು, ಗಾದೆಪ್ಪಣ್ಣ. ಹೆಣ ಆಸ್ಪತ್ರ್ಯಾಗ ಐತಿ.”

ಅವರ ಮಾತು ಮುಗಿಯುವವರೆಗೂ ಅವಳು ಲೈನು ಬಿಡಲಿಲ್ಲ. ಬೋರ್ಡಿನ ಮೇಲೆ ಇನ್ನೊಂದು ದೀಪ ಹತ್ತಿಕೊಂಡಿತು. ನಂಬರ್ ಪ್ಲೀಸ್ ಎಂದಳು. ಆ ಕರೆಯನ್ನೂ ಕೂಡಿಸಿದಳು. ಆಮೇಲೆ ಕಿವಿಯಿಂದ ಹೆಡ್‌ಫೋನು ತೆಗೆದಿಟ್ಟಳು.

ರಾರಾವಿಯಲ್ಲಿ ತನ್ನ ಅವ್ವನಿಗೆ ಜ್ವರ ಹೆಚ್ಚಾಗಿದೆ ಎಂಬ ಸುದ್ದಿ ಬಂದು, ಅವನು ಅವಳಿಗೆ ಹೇಳದೆ ಹೊರಟಿದ್ದ. ಅದೇ ಬಸ್ಸಿನಲ್ಲಿದ್ದ ಹೂ ಮಾರುವ ಪಕ್ಕೀರಮ್ಮ ನಂತರ ನಡೆದದ್ದನ್ನು ಹೇಳಿದಳು. ಜೀಪು ಕಂಡ ಕೂಡಲೇ ಅವಳು ತನ್ನ ಬುಟ್ಟಿ ಎತ್ತಿ, ಬಾರಪ್ಪ, ನನ್ನ ಮಗಳ ಪಕ್ಕ ಕೂಡು ಎಂದು ಕರೆದಿದ್ದಳಂತೆ. ಅವನು ಆ ಹುಡುಗಿಯ ಮುಖ ನೋಡಿ, ಬೇಡ ಎಂದು ಕೈಯಾಡಿಸಿ ತಾನೇ ಇಳಿದನಂತೆ.

ದಿನಕರ್ಮ ಮುಗಿದ ಮೇಲೆ ವಿರೂಪಮ್ಮ ರಾರಾವಿಗೆ ಹೋದಳು. ಅವನ ತಾಯಿ ಚನ್ನವೀರಮ್ಮ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಜ್ವರ ಬಿಟ್ಟಿತ್ತು, ಕಣ್ಣು ಒಣಗಿದ್ದವು. ಯಾರು ನೀನು ಎಂದು ಕೇಳಿದಳು.

ವಿರೂಪಮ್ಮ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಶನಿವಾರ ಅವರ ಜೊತೆ ಬಸ್ಸಿನಲ್ಲಿ ಬರುತ್ತಿದ್ದೆ ಎಂದಷ್ಟೇ ಹೇಳಿ ಅತ್ತಳು.

 ಮುದುಕಿ ಚಾಪೆಯ ಮೇಲೆ ಸರಿದು ಜಾಗ ಮಾಡಿಕೊಟ್ಟಳು.

“ಮನ್ಯಾಗ ಅವಂದು ಮಾತೇ ಇರಲಿಲ್ಲವ್ವ. ನಿನ್ನ ಕೂಡ ಏನು ಮಾತಾಡ್ತಿದ್ದ?”

ವಿರೂಪಮ್ಮ ಹೇಳತೊಡಗಿದಳು. ಮಿರ್ಚಿಗೆ ಉಪ್ಪು ಕಡಿಮೆ ಎಂದು ಅಂಗಡಿಯವನ ಜೊತೆ ಜಗಳ ಆಡಿದ್ದು. ಬಸ್ಸು ಹಳ್ಳ ದಾಟುವಾಗ ಕಿಟಕಿಯಿಂದ ನೀರು ಎಷ್ಟಿದೆ ನೋಡಲು ಅವಳ ಮುಂದೆ ಬಾಗಿ, ತಾಗಬಾರದೆಂದು ಉಸಿರು ಹಿಡಿಯುತ್ತಿದ್ದದ್ದು. ಮದುವೆಯಾದ ಮೇಲೆ ಅವ್ವನನ್ನು ಬಳ್ಳಾರಿಗೆ ಕರೆದುಕೊಂಡು ಹೋಗಿ, ಬೆಟ್ಟದ ಮೇಲಿನ ಕೋಟೆ ತೋರಿಸುತ್ತೇನೆ ಎಂದಿದ್ದು.

“ಕೋಟಿ ತೋರಸ್ತೀನಿ ಅಂದಿದ್ನ?”

“ಹೂನ್ರಿ. ಅವ್ವಗ ಮೆಟ್ಲ ಹತ್ತಾಕ ಆಗಂಗಿಲ್ಲ, ಹೊತ್ಕೊಂಡು ಹೋಗ್ತೀನಿ ಅಂದಿದ್ರು.”

ಚನ್ನವೀರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೊರಗೆ ಹೊಲದಿಂದ ಎತ್ತುಗಳು ಮನೆಗೆ ಬರುತ್ತಿದ್ದವು.

“ಅದನ್ನ ಇನ್ನೊಮ್ಮಿ ಹೇಳವ್ವ,” ಎಂದಳು.