ಎರಡನೇ ಫ್ಲಾಪಿ

ಭಾನುವಾರ ಬೆಳಿಗ್ಗೆ ಅಮ್ಮ ಗಿಳಿಹಸಿರು ಸೀರೆ ತೆಗೆದು ಮಂಚದ ಮೇಲಿಟ್ಟಾಗಲೇ ನನಗೆ ಅನುಮಾನ ಬಂತು.

"ಮಿಷನ್ ನೋಡೋಕೆ ಬರೋರಿಗೆ ನಾನ್ಯಾಕೆ ಸೀರೆ ಉಡಬೇಕು?"

"ಆ ಗ್ರೀಸ್ ಮೆತ್ತಿದ ಚೂಡಿದಾರದಾಗೇ ನಿಂತ್ಕೋತೀಯೇನು? ಹರಿಹರದಿಂದ ಬರ್ತಾರೆ, ಚೆಂದಾಗಿರು," ಅಂದಳು. ಆಗಲೇ ಮಂಡಕ್ಕಿಗೆ ಒಗ್ಗರಣೆ ಬಿದ್ದಿತ್ತು, ಮಿರ್ಚಿಗೆ ಎಣ್ಣೆ ಕಾಯುತ್ತಿತ್ತು.

ನನ್ನ ಅಪ್ಪಾಜಿ ಮುರುಗೇಶಪ್ಪ ಹರಿಹರದ ಫ್ಯಾಕ್ಟರಿಯಲ್ಲಿ ಇಪ್ಪತ್ತೇಳು ವರ್ಷ ಲೋಹ ಕೊರೆಯೋ ಮಿಲ್ಲಿಂಗ್ ಮಿಷನ್ ಓಡಿಸಿದವರು. ಕೆಲಸ ಬಿಟ್ಟ ಮೇಲೆ, ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆ ಹಿಂದಿನ ಶೆಡ್‌ನಲ್ಲಿ ತಾವೇ ಒಂದು ಪುಟ್ಟ ಮಿಷನ್ ಕಟ್ಟಿದರು. ಹಿಡಿ ತಿರುಗಿಸೋದಲ್ಲ. ಕಂಪ್ಯೂಟರ್ ಹೇಳಿದ ಅಳತೆಗೆ ಮೋಟರುಗಳು ತಾವೇ ತಿರುಗಿ ಮರ ಕೊರೆಯಬೇಕು. ಕಬ್ಬಿಣ ಎರಕ ಹೊಯ್ಯೋ ಫೌಂಡ್ರಿಗಳಿಗೆ ಪಂಪಿನ ಮರದಚ್ಚು ಮಾಡಿಕೊಡೋ ಆಸೆ. ಎಲ್ಲಾ ತಯಾರಿತ್ತು, ಮೋಟರುಗಳಿಗೆ ಹೇಳೋ ಸಾಫ್ಟ್‌ವೇರ್ ಒಂದು ಬಿಟ್ಟು.

ಅಪ್ಪಾಜಿಗೆ ಕೀಬೋರ್ಡ್ ಅಂದರೆ ಅಂಜಿಕೆ. ಬಿ.ಎಸ್ಸಿ. ಮುಗಿಸಿ ಕಂಪ್ಯೂಟರ್ ಕಲಿತ ನಾನೇ ಅದನ್ನು ಓಡಿಸಬೇಕು. ನಾಲ್ಕು ಜನರ ಮುಂದೆ ಬಾಯಿ ಬಾರದ ನನಗೆ, ಇದು ನನ್ನದು ಅನ್ನಿಸುತ್ತಿದ್ದುದು ಆ ಶೆಡ್ ಒಂದೇ. ಮದುವೆ ಅಂದರೆ ಅದನ್ನು ಬಿಟ್ಟು ನಡೆಯೋದು. ಅದಕ್ಕೇ ಸೀರೆ ಕಂಡರೆ ನನಗೆ ಅನುಮಾನ.

ಕೊಟ್ಟೂರೇಶ್ ಹತ್ತು ಗಂಟೆಗೆ ಬಂದ. ಮಿಷನ್‌ಗಳಿಗೆ ಸಾಫ್ಟ್‌ವೇರ್ ಬರೆಯುತ್ತಾನಂತೆ. ತೆಳ್ಳನೆಯ ಮೈ, ಬಿಸಿಲಿಗೆ ಕೆಂಪಾದ ಕಿವಿ. ನಮಸ್ಕಾರ ಮಾಡಿದವನು ಮಿಷನ್ ನೋಡೋ ಬದಲು ನನ್ನನ್ನೇ ಅಡಿಯಿಂದ ಮುಡಿಯವರೆಗೆ ನೋಡಿದ.

"ಎಲ್ಲೀ ಮಟ ಓದೀರಿ?"

ಹೇಳಿದೆ.

"ಎತ್ತರ ಎಷ್ಟಿರಬಹುದು ನೀವು?"

ಅಪ್ಪಾಜಿ ಕೆಮ್ಮಿದರು. ನಾನು ಎಡಗೈಯಿಂದ ಸೆರಗು ಎಳೆದುಕೊಂಡೆ.

"ಎಡಗೈಯೇ ಮುಂದಾ ನಿಮ್ಮದು?"

ಸಾಕಾಯಿತು. ಅಪ್ಪಾಜಿ ಸ್ಪ್ಯಾನರ್ ತರಲು ಆಚೆ ಹೋದ ತಕ್ಷಣ, ನನಗೇ ಕೇಳಿಸದಷ್ಟು ಮೆಲ್ಲಗೆ ಅಂದೆ: "ಹೆಣ್ಣು ನೋಡೋಕೆ ಬಂದಿದ್ರೆ ನೇರವಾಗಿ ಹೇಳಿಬಿಡ್ರಿ. ಮಿಷನ್ ನೆಪ ಬ್ಯಾಡ."

ಅವನ ಬಾಯಿ ತೆರೆದದ್ದು ತೆರೆದೇ ಇತ್ತು. "ಹೆಣ್ಣಾ? ಇಲ್ಲ್ರೀ! ಮಾನಿಟರ್ ಎಷ್ಟು ಎತ್ತರಕ್ಕೆ ಕೂರಿಸಬೇಕು ಅಂತ ಕೇಳಿದ್ದು. ತಟ್ಟನೆ ನಿಲ್ಲಿಸೋ ಸ್ವಿಚ್ಚು ನಿಮ್ಮ ಕೈಗೆ ಸಿಗೋ ಕಡೆ ಇರಬೇಕಲ್ಲ, ಅದಕ್ಕೆ."

ಅವನ ದನಿ ಅಡುಗೆಮನೆಗೂ ಮುಟ್ಟಿತ್ತು. ಕಿಟಕಿಯಿಂದ ಅಮ್ಮನ ನಗು ಕೇಳಿಸಿತು. "ಯವ್ವಾ, ಆ ಸೀರೆ ಗ್ರೀಸ್ ಆದ್ರೆ ಹೋಗಲಿ ಅಂತ ಹಳೇದು ಕೊಟ್ಟಿದ್ದೆ ಕಣೇ!"

ನೆಲ ಬಿರಿಯಬಾರದಿತ್ತೇ ಅನ್ನಿಸಿತು. ಅವನು ಬಗ್ಗಿ ಸ್ವಿಚ್ಚನ್ನು ಎಡಕ್ಕೆ ಕೂರಿಸುತ್ತಾ, ಸ್ಕ್ರೂಗೆ ಹೇಳಿದಂತೆ ಹೇಳಿದ: "ನೋಡೋಕೆ ಅಂತ ಬಂದಿರಲಿಲ್ಲ. ನೋಡಿದ್ದಂತೂ ಆತು."

ಅಲ್ಲಿಂದ ನನ್ನ ಅನುಮಾನ ಇನ್ನೂ ಹೆಚ್ಚಾಯಿತು.

ಅವನ ಬ್ಯಾಗಿನಲ್ಲಿ ಎರಡು ಫ್ಲಾಪಿ, ಎರಡರಲ್ಲೂ ಮಿಷನ್ ಓಡಿಸೋ ಸಾಫ್ಟ್‌ವೇರ್. ಮೊದಲನೆಯದು ಅವನೇ ಬರೆದದ್ದು. ಬಣ್ಣದ ಪರದೆ, ಮೂರೇ ಬಟನ್ನು. ಆದರೆ ಕಂಪ್ಯೂಟರಿನ ಹಿಂದೆ ಅವನು ಕೊಟ್ಟ ಬೀಗದಂಥ ತುಂಡು ಸಿಕ್ಕಿಸಿದರೆ ಮಾತ್ರ ಓಡುತ್ತದೆ. ಒಳಗಿನ ಅಳತೆ ಬದಲಿಸಬೇಕಾದರೆ ಅವನೇ ಬರಬೇಕು.

"ಅದೇನ್ರಿ, ಇನ್ನೊಂದು?"

"ಅದು ಪರದೇಶದ್ದು, ಯಾರು ಬೇಕಾದ್ರೂ ಹಾಕ್ಕೋಬಹುದು. ಕಪ್ಪು ಪರದೆ, ಎಲ್ಲಾ ಟೈಪ್ ಮಾಡ್ಬೇಕು. ನಿಮಗೆ ತ್ರಾಸು."

"ನನಗೆ ತ್ರಾಸು ಅಂತ ನಿಮಗೆ ಹೆಂಗೆ ಗೊತ್ತು?"

ಅವನು ನಕ್ಕ. ನಾನು ನಗಲಿಲ್ಲ.

ಕಟರ್ ಇರೋ ಜಾಗದಲ್ಲಿ ಪೆನ್ನು ಕಟ್ಟಿ, ಕೆಳಗೆ ಹಾಳೆ ಅಂಟಿಸಿ, ಎರಡರಿಂದಲೂ ಒಂದೊಂದು ವೃತ್ತ ಬರೆಸಿದೆವು. ಅವನದು ರೊಟ್ಟಿಯಂತೆ ಗುಂಡಗೆ ಬಂತು. ಎರಡನೆಯದರಲ್ಲಿ ನಾಲ್ಕು ಕಡೆ ಸಣ್ಣ ಮೆಟ್ಟಿಲು.

"ಕೊಟ್ಟೂರೇಶಂದೇ ಇರಲಿ ಬಿಡವ್ವ," ಅಂದರು ಅಪ್ಪಾಜಿ.

"ಒಂದು ವಾರ ಎರಡೂ ಇರಲಿ," ಅಂದೆ ನಾನು.

ಹೊರಡುವಾಗ ಅವನು ಎರಡನೇ ಫ್ಲಾಪಿಯ ಜೊತೆಗಿದ್ದ ಇಂಗ್ಲಿಷ್ ಪುಸ್ತಿಕೆಯನ್ನು ಕೊಡಲೋ ಬೇಡವೋ ಅನ್ನುವಂತೆ ಕೊಟ್ಟ. ನಮ್ಮ ಬೆರಳು ತಾಗಲಿಲ್ಲ. ತಾಗಲಿಲ್ಲ ಅಂತ ಡೈರಿಯಲ್ಲಿ ಬರೆದೆ. ಬರೆದ ಮೇಲೆ, ಅದನ್ಯಾಕೆ ಬರೆದೆ ಅಂತ ನನ್ನ ಮೇಲೇ ಅನುಮಾನವಾಯಿತು.

ಬುಧವಾರ ಪುಸ್ತಿಕೆಯ ಮೂವತ್ತೊಂದನೇ ಪುಟದಲ್ಲಿ ಆ ಮೆಟ್ಟಿಲುಗಳ ಕಾರಣ ಸಿಕ್ಕಿತು. ಮೋಟರು ತಿರುಗಿಸೋ ಸ್ಕ್ರೂ ದಿಕ್ಕು ಬದಲಿಸಿದಾಗ ಕೂದಲೆಳೆಯಷ್ಟು ಸಡಿಲ ಇರುತ್ತದೆ. ವರ್ಕ್‌ಶಾಪಿನವರು ಅದಕ್ಕೆ 'ಪ್ಲೇ' ಅನ್ನುತ್ತಾರೆ. ಅದನ್ನು ಅಳೆದು ಸಾಫ್ಟ್‌ವೇರ್‌ಗೆ ಹೇಳಬೇಕು. ಹೇಳದಿದ್ದರೆ ವೃತ್ತದಲ್ಲಿ ಮೆಟ್ಟಿಲು ಬರುತ್ತದೆ. ಭಾನುವಾರ ಅವನು ಪ್ಲೇ ಅಳೆದದ್ದನ್ನು ನಾನೇ ನೋಡಿದ್ದೆ. ಆ ಅಂಕಿಯನ್ನು ತನ್ನದಕ್ಕೆ ಹಾಕಿದ್ದ. ಇನ್ನೊಂದರಲ್ಲಿ ಸೊನ್ನೆ.

ಅದೇ ಅಂಕಿ ಹಾಕಿ ಪೆನ್ನು ಇಳಿಸಿದೆ. ವೃತ್ತ ಗುಂಡಗೆ ಬಂತು.

ಮುಂದಿನ ಭಾನುವಾರ ಆ ಹಾಳೆಯನ್ನು ಅವನ ಮುಂದಿಟ್ಟೆ.

"ಮರೆತಿದ್ರಾ, ಬೇಕಂತಲೇ ಬಿಟ್ರಾ?"

ಅವನು ಬಗ್ಗಿ ವೃತ್ತದ ಮೇಲೆ ಬೆರಳಾಡಿಸಿದ. "ಬೇಕಂತಲೇ."

"ನಿಮ್ಮದೇ ಮಾರಾಟ ಆಗ್ಲಿ ಅಂತ?"

"ಅಲ್ಲ. ಅದನ್ನ ತಗೊಂಡ್ರೆ ನೀವು ನನ್ನ ಕರೆಯೋದೇ ಇಲ್ಲ. ನಂದಾದ್ರೆ ತಿಂಗಳಿಗೊಮ್ಮೆಯಾದ್ರೂ ಬರ್ಬೇಕಾಗ್ತಿತ್ತು." ತಲೆ ಎತ್ತಿದ. "ತಪ್ಪಾತು, ವಾಣಿಯವರೇ."

ಇಂಥ ಮಾತು ನನಗೆ ಯಾರೂ ಹೇಳಿರಲಿಲ್ಲ. ಸಿಟ್ಟೂ ಸಂತೋಷವೂ ಒಟ್ಟಿಗೇ ಬಂದವು. ಸಿಟ್ಟನ್ನೇ ಮುಂದೆ ಬಿಟ್ಟೆ.

"ಅಪ್ಪಾಜಿ ಎರಡು ವರ್ಷ ಕಟ್ಟಿದ ಮಿಷನ್ ಇದು. ನಿಮ್ಮ ಆಟಕ್ಕಲ್ಲ. ನಾನು ಎರಡನೇದನ್ನೇ ಇಟ್ಕೋತೀನಿ."

ಅವನು ತಲೆಯಾಡಿಸಿ ಬೀಗದ ತುಂಡು ಬಿಚ್ಚಿಕೊಂಡ. ಗೇಟಿನ ಹತ್ತಿರ ಹೋದಾಗ ನನಗೆ ತಡೆಯಲಾಗಲಿಲ್ಲ.

"ಕೇಳ್ರಿ. ನಿಮ್ಮದನ್ನ ತಗೊಂಡಿದ್ರೆ, ನೀವು ಬಂದಾಗಲೆಲ್ಲ ಮಿಷನ್‌ಗೆ ಬಂದ್ರೋ ನನಗೋಸ್ಕರ ಬಂದ್ರೋ ಅಂತ ನಾನು ಅನುಮಾನ ಪಡ್ಬೇಕಿತ್ತು. ಆ ತ್ರಾಸು ನನಗೆ ಬ್ಯಾಡ."

ಅವನು ಗೇಟನ್ನು ಸದ್ದಾಗದಂತೆ ಹಾಕಿ ಹೊರಟುಹೋದ.

ಮಿಷನ್ ಓಡಿತು. ಮೊದಲ ಅಚ್ಚನ್ನು ಸವರಿ ನೋಡಿ ಅಪ್ಪಾಜಿ ನನ್ನ ತಲೆ ಮುಟ್ಟಿದರು. ಎರಡು ಭಾನುವಾರ ಕಳೆದವು. ಗೇಟಿನ ಸದ್ದಾದಾಗಲೆಲ್ಲ ನಾನು ಕೀಬೋರ್ಡಿನಲ್ಲಿ ತಪ್ಪು ಟೈಪ್ ಮಾಡುತ್ತಿದ್ದೆ. ಅವನಿಗೆ ಬೇಕಿದ್ದುದು ವ್ಯಾಪಾರವೇ, ನಾನೇ ಹುಚ್ಚಿ ಅಂತ ಡೈರಿಯ ಮೂರು ಪುಟ ತುಂಬಿಸಿದೆ.

ಮೂರನೇ ಭಾನುವಾರ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಬರಿಗೈ.

"ಮಿಷನ್ ಚೆನ್ನಾಗೇ ಓಡ್ತಾ ಐತೆ," ಅಂದೆ.

"ಗೊತ್ತು. ಫೌಂಡ್ರಿಯಲ್ಲಿ ಅಚ್ಚು ನೋಡಿದೆ."

"ಮತ್ತೆ ಏನು ಕೆಲಸ ಐತೆ ಇಲ್ಲಿ?"

"ಏನೂ ಇಲ್ಲ." ಕಿವಿ ಮತ್ತೆ ಕೆಂಪಾಗಿತ್ತು. ಬಿಸಿಲೇನೂ ಇರಲಿಲ್ಲ. "ಒಂದು ಕೇಳೋದಿತ್ತು. ಹರಿಹರದಿಂದ ಈ ಶೆಡ್‌ಗೆ ಬಸ್ಸಿನಾಗೆ ಅರ್ಧ ತಾಸು. ದಿನಾ ಬಂದು ಹೋಗೋದು ತ್ರಾಸಾಗುತ್ತೇನ್ರಿ?"

"ನಿಮಗಾ?"

"ನಿಮಗೆ."

ಅರ್ಥವಾಗಲು ಒಂದು ಗಳಿಗೆ ಹಿಡಿಯಿತು: ಮದುವೆಯಾಗಿ ಹರಿಹರಕ್ಕೆ ಹೋದರೂ ಶೆಡ್ ಬಿಡಬೇಕಿಲ್ಲ. ಅರ್ಥವಾದ ಮೇಲೆ ಎಲ್ಲಿ ನೋಡಬೇಕೋ ತಿಳಿಯದೆ ಅವನ ಚಪ್ಪಲಿ ನೋಡಿದೆ. ಎಷ್ಟು ಹುಡುಕಿದರೂ ಅನುಮಾನಕ್ಕೆ ಒಂದು ಎಳೆಯೂ ಸಿಗಲಿಲ್ಲ.

"ಅರ್ಧ ತಾಸು ತಾನೇ," ಅಂದೆ. "ಕೂಡ್ರಿ."

ಅಡುಗೆಮನೆಯಿಂದ ಅಮ್ಮ ಕೂಗಿದಳು. "ಯಾರೇ ಅದು? ಸಾಫ್ಟ್‌ವೇರ್‌ನೋರೇನೇ?"

"ಅಲ್ಲಮ್ಮ," ಅಂದೆ, ಶೆಡ್ಡಿನಾಚೆಗೂ ಕೇಳಿಸುವಷ್ಟು ಜೋರಾಗಿ. "ಕೊಟ್ಟೂರೇಶ್ ಬಂದಾರೆ."